ಡಬ್ಬಿಗೆ ಹೋದ ಬಟವಾಡೆ

ಅಕ್ಕಂದಿರೇ, ಕೊಟ್ಟೂರು ಕಡೆ ಬರಡು ರಾಸುಗಳ ಶಿಬಿರಕ್ಕೆ ಹೋದಾಗ ಒಬ್ಬ ತಾಯಿ ಪುಡಿ ಡಬ್ಬಿ ತಂದು, ‘ಇದನ್ನ ಹಸುವಿಗೂ ಹಾಕಬಹುದೇನ್ರೀ?’ ಎಂದರು. ಮಂಡಿನೋವಿಗೂ ಸಕ್ಕರೆ ಕಾಯಿಲೆಗೂ ಇದೊಂದೇ ಸಾಕು, ಆರು ಜನರನ್ನು ಸೇರಿಸಿದರೆ ಕಮಿಷನ್ ಎಂದು ನೆಂಟರೇ ಕೊಟ್ಟಿದ್ದಂತೆ. ಎರಡು ಬಟವಾಡೆಯ ಹಣ ಅದಕ್ಕೇ ಹೋಗಿತ್ತು, ಹಿಂಡಿ ಸಾಲದಲ್ಲಿ ಬಂದಿತ್ತು. ಸಕ್ಕರೆ ಮಾತ್ರೆಯನ್ನೂ ಬಿಟ್ಟಿದ್ದರು. ನನಗೆ ದಿಗಿಲಾಗಿದ್ದು ಅದಕ್ಕೆ.

ಲೆಕ್ಕ ಹಾಕಿ ನೋಡಿ. ಆರು ಜನ ತಲಾ ಆರು ಜನರನ್ನು ತಂದರೆ 36. ಆಮೇಲೆ 216, 1,296, ಐದನೇ ಸುತ್ತಿಗೆ 7,776. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಅಷ್ಟು ಜನರೇ ಇಲ್ಲ! ಕೊನೆಗೆ ಸೇರಿದವರಿಗೆ ಉಳಿಯುವುದು ಡಬ್ಬಿ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯವು ಆಮ್‌ವೇ ಇಂಡಿಯಾದ 757 ಕೋಟಿ ರೂಪಾಯಿ ಆಸ್ತಿ ಜಪ್ತಿ ಮಾಡಿದ್ದು ಇಂಥ ಪಿರಮಿಡ್ ವಂಚನೆಯ ಆರೋಪದ ಮೇಲೆ. ಜಪ್ತಿ ಎಂದರೆ ತೀರ್ಪಲ್ಲ, ನಿಜ. ಆದರೆ 2021ರ ನೇರ ಮಾರಾಟ ನಿಯಮಗಳ ಪ್ರಕಾರ ಸೇರಲು ಶುಲ್ಕ ಕೇಳುವಂತೆಯೇ ಇಲ್ಲ.

ಡಬ್ಬಿಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಆಹಾರದ ಪರವಾನಗಿ. ಅದರಿಂದ ಪುಡಿ ಔಷಧಿಯಾಗುವುದಿಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಹಸುವಿಗೆ ಖನಿಜ ಮಿಶ್ರಣ ಕೊಡಿ, ಸಂಘದಲ್ಲಿ ವಿಚಾರಿಸಿ. ಹಣ ಸಿಕ್ಕಿಕೊಂಡಿದ್ದರೆ ರಸೀದಿ ಜೋಪಾನ ಮಾಡಿ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.