ಶೂಟಿಂಗ್ ಸಂಘಗಳ ಸದಸ್ಯತ್ವ ವಿಮೆ (ಬ್ರಿಟನ್)

ಶೂಟಿಂಗ್ ಸಂಘಗಳ ಸದಸ್ಯತ್ವ ವಿಮೆ ಎಂಬುದು ಬ್ರಿಟನ್ನಿನಲ್ಲಿ ಹವ್ಯಾಸಕ್ಕಾಗಿ ಕೋವಿ ಬಳಸುವವರು ಸಂಘವೊಂದರ ಸದಸ್ಯರಾಗಿ ಪಡೆಯುವ ವಿಮಾ ರಕ್ಷಣೆ. ಇದು ಮುಖ್ಯವಾಗಿ ಹೊಣೆಗಾರಿಕೆ ವಿಮೆ. ಸದಸ್ಯನ ಅಜಾಗರೂಕತೆಯಿಂದ ಬೇರೊಬ್ಬರಿಗೆ ಗಾಯವಾದರೆ ಅಥವಾ ಅವರ ಆಸ್ತಿಗೆ ಹಾನಿಯಾದರೆ, ಕಾನೂನಿನ ಪ್ರಕಾರ ಅವನು ತೆರಬೇಕಾದ ಪರಿಹಾರವನ್ನು ವಿಮಾ ಕಂಪನಿ ಭರಿಸುತ್ತದೆ. ಸದಸ್ಯನ ಸ್ವಂತ ಗಾಯ ಅಥವಾ ಅವನ ಕೋವಿಯ ಕಳವು ಇದರಲ್ಲಿ ತಾನಾಗಿಯೇ ಸೇರುವುದಿಲ್ಲ.

ಹಿನ್ನೆಲೆ

ಬ್ರಿಟನ್ನಿನಲ್ಲಿ ಶೂಟಿಂಗ್ ಸಂಘಗಳ ಇತಿಹಾಸ ದೀರ್ಘವಾದುದು. ಗುರಿ ಹೊಡೆಯುವ ಕ್ರೀಡೆಯ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1859ರಲ್ಲಿ ಸ್ಥಾಪನೆಯಾಯಿತು. ನೀರುಹಕ್ಕಿಗಳ ಬೇಟೆಗಾರರು 1908ರಲ್ಲಿ ಕಟ್ಟಿಕೊಂಡ ಸಂಘವು 1981ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಫಾರ್ ಶೂಟಿಂಗ್ ಅಂಡ್ ಕನ್ಸರ್ವೇಷನ್ ಎಂಬ ಹೆಸರನ್ನು ಪಡೆಯಿತು. ಹಾರುವ ಮಣ್ಣಿನ ತಟ್ಟೆಗಳಿಗೆ ಗುರಿಯಿಡುವವರಿಗೆ ಕ್ಲೇ ಪಿಜನ್ ಶೂಟಿಂಗ್ ಅಸೋಸಿಯೇಷನ್ ಇದೆ.

ಕಾನೂನಿನ ಸ್ಥಿತಿ

1968ರ ಬಂದೂಕು ಕಾಯ್ದೆಯ ಪ್ರಕಾರ ಕೋವಿ ಹೊಂದಲು ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು; ಆದರೆ ಅದಕ್ಕೆ ವಿಮೆ ಕಡ್ಡಾಯವಲ್ಲ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಹೊಣೆಗಾರಿಕೆ ವಿಮೆಯಿಲ್ಲದವರಿಗೆ ಬೇಟೆಯ ಪರವಾನಗಿ ದೊರೆಯುವುದಿಲ್ಲ. ಬ್ರಿಟನ್ನಿನಲ್ಲಿ ಕಾನೂನು ಒತ್ತಾಯಿಸದಿದ್ದರೂ ಅನೇಕ ಕ್ಲಬ್ಬುಗಳೂ ಭೂಮಾಲೀಕರೂ ವಿಮೆಯಿಲ್ಲದವರಿಗೆ ಅವಕಾಶ ಕೊಡುವುದಿಲ್ಲ.

ಅಗತ್ಯ

ಚದುರಿದ ಒಂದು ಚರೆಯ ಕಾಳು ಹಕ್ಕಿ ಎಬ್ಬಿಸುವವನ ಕಣ್ಣಿಗೆ ತಗುಲಿದರೆ ಅವನ ದೃಷ್ಟಿಯೂ ಜೀವನೋಪಾಯವೂ ಹೋಗಬಹುದು. ಚಿಕಿತ್ಸೆ, ಕಳೆದುಹೋದ ಸಂಪಾದನೆ, ಮುಂದಿನ ಆರೈಕೆ ಇವೆಲ್ಲವನ್ನೂ ಲೆಕ್ಕಹಾಕಿದಾಗ ಪರಿಹಾರದ ಮೊತ್ತ ಸಾಮಾನ್ಯ ಕುಟುಂಬದ ಉಳಿತಾಯವನ್ನು ಮೀರುತ್ತದೆ. ಹೀಗಾಗಿ ಈ ವಿಮೆ ಗುಂಡು ಹಾರಿಸಿದವನಿಗೆ ರಕ್ಷಣೆಯಾಗುವಷ್ಟೇ, ಗಾಯಗೊಂಡವನಿಗೆ ಪರಿಹಾರ ಕೈಸೇರುವ ಭರವಸೆಯೂ ಆಗಿದೆ.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಪರಿಹಾರದ ಮಿತಿ: ದೊಡ್ಡ ಸಂಘಗಳಲ್ಲಿ 1 ಕೋಟಿ ಪೌಂಡ್‌ಗಳ ಮಿತಿ ಸಾಮಾನ್ಯ. ಈ ಮಿತಿ ಪ್ರತಿಯೊಂದು ಘಟನೆಗೂ ಪ್ರತ್ಯೇಕವಾಗಿ ಅನ್ವಯಿಸುವುದೋ, ವರ್ಷದ ಎಲ್ಲ ಘಟನೆಗಳಿಗೂ ಸೇರಿಯೋ ಎಂಬುದನ್ನು ನೋಡಬೇಕು.

ಚಟುವಟಿಕೆಗಳು: ಗುರಿ ಅಭ್ಯಾಸ, ಮಣ್ಣಿನ ತಟ್ಟೆ, ಹಕ್ಕಿ ಬೇಟೆ, ಜಿಂಕೆ ಬೇಟೆ ಇವುಗಳಲ್ಲಿ ಯಾವುವು ಸೇರಿವೆ ಎಂಬುದು ಸಂಘದಿಂದ ಸಂಘಕ್ಕೆ ಬದಲಾಗಬಹುದು. ವಿದೇಶದಲ್ಲಿ ಶೂಟಿಂಗ್ ಮಾಡುವವರು ಭೌಗೋಳಿಕ ವ್ಯಾಪ್ತಿಯನ್ನೂ ಪರಿಶೀಲಿಸಬೇಕು.

ಸದಸ್ಯರ ನಡುವಿನ ಹೊಣೆ: ಶೂಟಿಂಗ್ ವೇಳೆ ಹತ್ತಿರ ನಿಂತಿರುವವರು ಹೆಚ್ಚಾಗಿ ಅದೇ ಸಂಘದ ಸದಸ್ಯರು. ಒಬ್ಬ ಸದಸ್ಯನಿಂದ ಇನ್ನೊಬ್ಬ ಸದಸ್ಯನಿಗೆ ಆದ ಗಾಯಕ್ಕೂ ರಕ್ಷಣೆ ಇರುವುದು ಮುಖ್ಯ.

ರಕ್ಷಣೆಯ ಸ್ವರೂಪ: ವಿಮಾ ಪತ್ರವಿದ್ದರೆ ಅದರ ಷರತ್ತುಗಳಿಗೆ ಒಳಪಟ್ಟು ಪರಿಹಾರ ಕೊಡುವುದು ಕಂಪನಿಯ ಕರ್ತವ್ಯ. ನೆರವು ಕೇವಲ ಸಂಘದ ವಿವೇಚನೆಗೆ ಬಿಟ್ಟದ್ದಾದರೆ ಅದನ್ನು ಹಕ್ಕಾಗಿ ಕೇಳಲಾಗದು.

ಕಾನೂನು ವೆಚ್ಚ: ಪೊಲೀಸರು ಪ್ರಮಾಣಪತ್ರವನ್ನು ರದ್ದುಪಡಿಸಿದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೌನ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇದರ ಖರ್ಚು ಹೊಣೆಗಾರಿಕೆ ವಿಮೆಯಲ್ಲಿ ಸೇರದು. ಅದಕ್ಕೆ ಪ್ರತ್ಯೇಕ ರಕ್ಷಣೆ ಬೇಕು.

ಮಿತಿಗಳು

ಸಂಬಳ ಕೊಟ್ಟು ಕೆಲಸದವರನ್ನು ನೇಮಿಸಿಕೊಳ್ಳುವ ಬೇಟೆಯ ಆಯೋಜಕರಿಗೆ ವೈಯಕ್ತಿಕ ಸದಸ್ಯತ್ವ ಸಾಲದು. 1969ರ ಕಾಯ್ದೆಯಂತೆ ಉದ್ಯೋಗದಾತರು ಕನಿಷ್ಠ 50 ಲಕ್ಷ ಪೌಂಡ್‌ಗಳ ಹೊಣೆಗಾರಿಕೆ ವಿಮೆಯನ್ನು ಹೊಂದಿರಬೇಕು. ಕ್ಲಬ್ಬಿನ ಹೆಸರಿನಲ್ಲಿರುವ ವಿಮೆಯೂ ಕ್ಲಬ್ಬಿನ ಹೊಣೆಗಷ್ಟೇ ಸೀಮಿತವಾಗಿರಬಹುದು. ಅಂತಹ ಕಡೆ ಸದಸ್ಯನು ತನ್ನ ವೈಯಕ್ತಿಕ ರಕ್ಷಣೆಯನ್ನು ಪ್ರತ್ಯೇಕವಾಗಿ ಖಚಿತಪಡಿಸಿಕೊಳ್ಳಬೇಕು. ಕಾನೂನುಬಾಹಿರವಾಗಿ ಕೋವಿ ಬಳಸಿದಾಗ ರಕ್ಷಣೆ ಸಿಗುವುದಿಲ್ಲ.

ಅವಘಡ ಸಂಭವಿಸಿದಾಗ

ಗಾಯಾಳುವಿನ ಚಿಕಿತ್ಸೆಗೆ ವ್ಯವಸ್ಥೆ ಮಾಡಿದ ಬಳಿಕ ಘಟನೆಯನ್ನು ತಡಮಾಡದೆ ಸಂಘಕ್ಕೆ ತಿಳಿಸಬೇಕು. ವಿಳಂಬವಾದರೆ ಪರಿಹಾರದ ಕೋರಿಕೆ ತಿರಸ್ಕೃತವಾಗುವ ಸಾಧ್ಯತೆ ಇದೆ. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಗೆಯ ಪತ್ರ ಬರೆದುಕೊಡುವುದಾಗಲಿ, ಹಣದ ಭರವಸೆ ನೀಡುವುದಾಗಲಿ ಸಾಮಾನ್ಯವಾಗಿ ಷರತ್ತುಗಳಿಗೆ ವಿರುದ್ಧ. ಸದಸ್ಯತ್ವ ನವೀಕರಿಸದೆ ಬಿಟ್ಟ ಅವಧಿಯಲ್ಲಿ ನಡೆದ ಅವಘಡಕ್ಕೆ ಹಿಂದಿನ ವರ್ಷಗಳ ಚಂದಾ ರಕ್ಷಣೆಯಾಗದು. ಆದ್ದರಿಂದ ಕೋವಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಸದಸ್ಯತ್ವದ ಕೊನೆಯ ದಿನಾಂಕವನ್ನು ನೋಡಿಕೊಳ್ಳುವುದು ಅಗತ್ಯ.