ನೀರು ಹಾಲಾಗಬೇಕೇ, ನೀರಾಗಿಯೇ ಇರಬೇಕೇ?

ಕಳೆದ ವರ್ಷ ಮಳೆ ಕಡಿಮೆಯಾದ ಮೇಲೆ ಅಮ್ಮನನ್ನು ಕರ್ಕೊಂಡು ಶೃಂಗೇರಿ ಹತ್ತಿರದ ಸಿರಿಮನೆ ಜಲಪಾತಕ್ಕೆ ಹೋಗಿದ್ದೆ. ಮೆಟ್ಟಿಲು ಇಳಿಯೋಕೆ ಅವಳ ಮಂಡಿ ಒಪ್ಪುತ್ತಿರಲಿಲ್ಲ. ಆದ್ರೂ ಹಟ ಹಿಡಿದು ಇಳಿದಳು. ‘ಇನ್ನೊಂದು ಸಲ ಬರ್ತೀನೋ ಇಲ್ವೋ, ಚೆಂದದ್ದೊಂದು ಫೋಟೊ ತೆಗಿ’ ಅಂತ ದೂರದ ಬಂಡೆ ಮೇಲೆ ಕೂತಳು.

ನನಗೋ ಹೊಸ ಎನ್‌ಡಿ ಫಿಲ್ಟರ್ ಕೊಂಡ ಹುಮ್ಮಸ್ಸು. ಇದು ಲೆನ್ಸಿಗೆ ಹಾಕುವ ಕೂಲಿಂಗ್ ಗ್ಲಾಸ್ ಇದ್ದಂತೆ. ಒಳಗೆ ಬರುವ ಬೆಳಕು ಕಡಿಮೆಯಾಗುವುದರಿಂದ ಷಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು. ಮರಗಳ ನೆರಳಿನಲ್ಲಿ ಐಎಸ್‌ಒ 100, ಅಪರ್ಚರ್ ಎಫ್/11 ಇಟ್ಟಾಗ ಕ್ಯಾಮೆರಾ ತೋರಿಸಿದ್ದು ಸೆಕೆಂಡಿನ 1/30 ಭಾಗ. ಎನ್‌ಡಿ 1000 ಹಾಕಿದರೆ ಅದರ ಸಾವಿರ ಪಟ್ಟು, ಅಂದರೆ ಮೂವತ್ತು ಸೆಕೆಂಡಿಗೂ ಸ್ವಲ್ಪ ಹೆಚ್ಚು. 30 ಸೆಕೆಂಡಿಗೆ ತೆಗೆದೇಬಿಟ್ಟೆ!

ಅಮ್ಮ ನೋಡಿದಳು. ‘ಇದೆಂತದೇ, ನೀರೋ ಹತ್ತಿಯೋ? ಆ ಆರ್ಭಟ ಎಲ್ಲಿ ಹೋಯ್ತು? ನನ್ನ ಮುಖ ಎಲ್ಲಿ?’

ನಿಜವೇ. ನೀರು ಬರೀ ಬಿಳಿ ಪರದೆ, ಅಮ್ಮ ಮಸುಕು, ಗಾಳಿಗೆ ಆಡಿದ ಎಲೆಗಳೆಲ್ಲ ಹಸಿರು ಹೊಗೆ. ಹೆಚ್ಚು ಹೊತ್ತು ತೆರೆದಷ್ಟೂ ಚೆಂದ ಅಂದುಕೊಂಡಿದ್ದೇ ನನ್ನ ತಪ್ಪು.

ಅವತ್ತು ಒಂದೊಂದಾಗಿ ಬದಲಿಸುತ್ತಾ ಹೋದೆ. 1/1000ರಲ್ಲಿ ಹನಿಗಳು ಗಾಜಿನ ಚೂರಿನಂತೆ ನಿಂತವು. ಎನ್‌ಡಿ 64 ಹಾಕಿ 2 ಸೆಕೆಂಡ್ ಕೊಟ್ಟರೆ ರೇಷ್ಮೆ. ಎನ್‌ಡಿ 8 ಹಾಕಿ 1/4 ಸೆಕೆಂಡ್ ಕೊಟ್ಟಾಗ ನೀರಿನ ಎಳೆ ಎಳೆಯೂ ಕಂಡಿತು, ಬೀಳುವ ರಭಸವೂ ಉಳಿಯಿತು. ‘ಅಮ್ಮಾ, ಅಲ್ಲಾಡ್ಬೇಡ’ ಅಂದೆ. ಕಾಲು ಸೆಕೆಂಡ್ ತಾನೇ, ಕಲ್ಲಿನಂತೆ ಕೂತಳು!

ನೀವೂ ಪ್ರಯತ್ನಿಸುವುದಾದರೆ 1/4ರಿಂದ ಶುರು ಮಾಡಿ. ರಭಸದ ನೀರಿಗೆ ಅಷ್ಟು ಸಾಕು. ನಿಧಾನಕ್ಕೆ ಹರಿವ ತೊರೆಗೆ ಒಂದೆರಡು ಸೆಕೆಂಡ್ ಬೇಕಾದೀತು. ಟ್ರೈಪಾಡ್ ಬೇಕೇ ಬೇಕು. ಗುಂಡಿ ಒತ್ತುವಾಗ ಕ್ಯಾಮೆರಾ ಅಲುಗದಂತೆ 2 ಸೆಕೆಂಡಿನ ಟೈಮರ್ ಇಡಿ. ಪ್ರತಿ ಸಲವೂ ಲೆನ್ಸ್ ಮೇಲಿನ ತುಂತುರು ಒರೆಸಿ. ಜಾರುವ ಬಂಡೆಯ ಸಹವಾಸ ಮಾತ್ರ ಬೇಡ.

ಈ ವರ್ಷ ಅಮ್ಮನಿಗೆ ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ನಡುಮನೆ ಗೋಡೆಯಲ್ಲಿರುವ ಆ ಫೋಟೊವನ್ನು ಬಂದವರಿಗೆಲ್ಲ ತೋರಿಸಿ ‘ಶಬ್ದ ಕೇಳಿದ ಹಾಗೇ ಆಗ್ತದೆ ನೋಡಿ’ ಅಂತಾಳೆ.