ದತ್ತಿಯ ಅಸಲು ಮತ್ತು ಉತ್ಪತ್ತಿ

ನಂದಾದೀಪಕ್ಕೆಂದು ಹೊನ್ನನ್ನಿಟ್ಟು, ಅದರ ಬಡ್ಡಿಯಿಂದಲೇ ಎಣ್ಣೆ ಸಲ್ಲಬೇಕೆಂದು ವಿಧಿಸಿದ ದಾನಗಳು ಕನ್ನಡನಾಡಿನ ಶಾಸನಗಳಲ್ಲಿ ಕಾಣಸಿಗುತ್ತವೆ. ಇಟ್ಟ ಹೊನ್ನು ಅಸಲು. ಬಂದ ಬಡ್ಡಿ ಉತ್ಪತ್ತಿ. ಇಂದಿನ ಧರ್ಮದರ್ಶಿಗಳ ಲೆಕ್ಕಕ್ಕೂ ಈ ವಿಂಗಡಣೆಯೇ ಬುನಾದಿ. 1882ರ ಭಾರತೀಯ ನ್ಯಾಸ ಕಾಯಿದೆಯು ಸಾರ್ವಜನಿಕ ಧಾರ್ಮಿಕ ದತ್ತಿಗಳಿಗೆ ಅನ್ವಯಿಸದಿರುವುದರಿಂದ ದತ್ತಿಪತ್ರದ ಮಾತೇ ಮೊದಲ ಪ್ರಮಾಣ. ಪತ್ರವು ಮೌನವಾಗಿರುವಲ್ಲಿ ವಿವೇಚನೆ ಬೇಕಾಗುತ್ತದೆ.

ದೊಡ್ಡಬಳ್ಳಾಪುರದಲ್ಲಿ ದತ್ತಿಗೆ ಸೇರಿದ ಮಗ್ಗದ ಮನೆಯೊಂದಿದ್ದರೆ ಅದರ ಬಾಡಿಗೆ ಉತ್ಪತ್ತಿ. ಕಂದಾಯ, ಸುಣ್ಣಬಣ್ಣ, ಹೆಂಚಿನ ದುರಸ್ತಿ ಇವು ವರ್ಷವರ್ಷದ ಖರ್ಚುಗಳಾದುದರಿಂದ ಉತ್ಪತ್ತಿಯಿಂದಲೇ ಸಲ್ಲತಕ್ಕವು. ಮಹಡಿಯನ್ನು ಕಟ್ಟಿಸಿದರೆ ಅದರ ಫಲ ಬಹುಕಾಲ ನಿಲ್ಲುವುದರಿಂದ ಆ ವೆಚ್ಚವು ಅಸಲಿಗೆ ಸೇರುತ್ತದೆ.

ನಿಜವಾದ ತೊಡಕು ಭೂಮಿಯದು. ಹೊಲದ ರಾಗಿ ಉತ್ಪತ್ತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ನೆಲಮಂಗಲದಲ್ಲಿ ಹೆದ್ದಾರಿಗೋ, 2008ರಲ್ಲಿ ವಿಮಾನ ನಿಲ್ದಾಣ ತೆರೆದ ದೇವನಹಳ್ಳಿಯ ಆಸುಪಾಸಿನಲ್ಲಿ ಕೈಗಾರಿಕೆಗೋ ಆ ಹೊಲವೇ ಹೋದರೆ, ಕೈಗೆ ಬರುವ ಪರಿಹಾರವು ನೋಟಕ್ಕೆ ಹಣ, ಸ್ವರೂಪದಲ್ಲಿ ಭೂಮಿ. ಅದು ಅಸಲು. ಹೆಚ್ಚಿನ ಪರಿಹಾರಕ್ಕಾಗಿ ಹೂಡಿದ ದಾವೆಯ ವೆಚ್ಚವೂ ಅಸಲಿನದೇ. ಆ ಹಣವನ್ನು ಠೇವಣಿಯಿಟ್ಟ ಮೇಲೆ ಬರುವ ಬಡ್ಡಿ ಮಾತ್ರ ಉತ್ಪತ್ತಿ.

ದಾನದ ಹಣದಲ್ಲಿಯೂ ಇದೇ ಭೇದವುಂಟು. ಮೂಲನಿಧಿಗೆಂದು ದಾನಿಯು ಸ್ಪಷ್ಟವಾಗಿ ಬರೆದುಕೊಟ್ಟುದನ್ನು 1961ರ ಆದಾಯ ತೆರಿಗೆ ಕಾಯಿದೆಯೂ ಉಳಿದ ಕಾಣಿಕೆಗಳಿಂದ ಬೇರ್ಪಡಿಸಿತು.

ಪರಿಹಾರದ ಮೊತ್ತವನ್ನು ಒಂದು ಜಾತ್ರೆಯ ವೈಭವಕ್ಕೆ ವ್ಯಯಿಸಿದರೆ ಆ ವರ್ಷ ದಾಸೋಹ ಕುಂದಲಾರದು. ಹೊಲವೂ ಇಲ್ಲದೆ ಹಣವೂ ಇಲ್ಲದೆ ಮುಂದೆ ಪಂಕ್ತಿಗೆ ಬಂದು ಕೂರುವವರ ಎಲೆಯೇ ಬರಿದಾಗುವುದು. ಅವರ ಪಾಲನ್ನು ಕಾಯುವುದೂ ಧರ್ಮದರ್ಶಿಯ ಹೊಣೆ.